ನೀರು ಕುಡಿದ ಕಾರು: ಕೊಳ್ಳಬೇಕೇ, ಬಿಡಬೇಕೇ?

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಆರೋಗ್ಯ ವಿಷಯಕವಾದ ಲೇಖನಗಳಿಗೆ ಪ್ರತಿವರ್ಷವೂ ಆದ್ಯ ಸ್ಥಾನವಿರುವುದನ್ನು ವಾಚಕರು ಬಲ್ಲರು. ರಕ್ತದೊತ್ತಡ, ಸಿಹಿಮೂತ್ರ, ಸಂಧಿವಾತ ಮೊದಲಾದವುಗಳ ಬಗೆಗೆ ಅಧಿಕಾರವಾಣಿಯಿಂದ ಹೇಳಬಲ್ಲ ವೈದ್ಯರು ನಮ್ಮಲ್ಲಿದ್ದಾರೆ. ಅಂಥವರ ನಡುವೆ, ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ಆಯುಷ್ಯವನ್ನು ಸವೆಸುತ್ತಿರುವ, ವಾಣಿಜ್ಯ ಪದವಿಯ ಹೊರತು ಬೇರೆ ಪಾಂಡಿತ್ಯವಿಲ್ಲದ ನನ್ನಂಥವನು ಹಳೆಯ ಕಾರಿನ ಕತೆಯೊಂದನ್ನು ಹಿಡಿದುಕೊಂಡು ಬಂದಿರುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಮಹಾನಗರದಲ್ಲಿ ಬಾಳುವವರಿಗೆ ಕಾರೆಂಬುದು ಮನೆಯ ಮತ್ತೊಂದು ಕೋಣೆಯೇ ಆಗಿಬಿಟ್ಟಿದೆ. ಅದರೊಳಗೆ ಕಿಟಕಿ ಮುಚ್ಚಿ ಗಂಟೆಗಟ್ಟಲೆ ಉಸಿರಾಡುತ್ತೇವೆ. ಮಕ್ಕಳನ್ನು ಶಾಲೆಗೂ ವೃದ್ಧರನ್ನು ಆಸ್ಪತ್ರೆಗೂ ಅದರಲ್ಲಿಯೇ ಒಯ್ಯುತ್ತೇವೆ. ಅದರ ಆರೋಗ್ಯ ಕೆಟ್ಟಿದ್ದರೆ ನಮ್ಮ ಆರೋಗ್ಯವೂ ಕೆಟ್ಟೀತೆಂಬುದನ್ನು ವೈದ್ಯರೂ ಒಪ್ಪಿಯಾರು.

ಅಪಘಾತದಲ್ಲಿ ಜಜ್ಜಿಹೋದ ಅಥವಾ ಪ್ರವಾಹದಲ್ಲಿ ಮುಳುಗಿದ ಕಾರನ್ನು ವಿಮಾ ಕಂಪೆನಿಯು 'ಪೂರ್ಣ ನಷ್ಟ'ವೆಂದು ಬರೆದುಹಾಕಿ ಹಣ ತೆತ್ತ ಮೇಲೆ, ಆ ಕಾರನ್ನು ಯಾರೋ ಕೊಂಡು, ರಿಪೇರಿ ಮಾಡಿ, ಬಣ್ಣ ಬಳಿದು, ಅಗ್ಗದ ಬೆಲೆಗೆ ಮತ್ತೆ ಮಾರುಕಟ್ಟೆಗೆ ತರುತ್ತಾರೆ. ಅಂಥದನ್ನು ನಾವು ಕೊಳ್ಳಬಹುದೇ? ಇದು ಈ ಲೇಖನದ ಪ್ರಶ್ನೆ. ನಾನು ಈ ಪ್ರಶ್ನೆಯನ್ನು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ಅದು ನನ್ನ ಮನೆಯ ಬಾಗಿಲಿಗೇ ಬಂದಿತ್ತು.

ತಿರುವನಂತಪುರದ ಕಾರು, ಕೊಚ್ಚಿಯ ಅಂಗಳ

2018ರ ಆಗಸ್ಟ್ ತಿಂಗಳನ್ನು ಕೇರಳದಲ್ಲಿ ನೆಲೆಸಿದ ಯಾವ ಕನ್ನಡಿಗನೂ ಮರೆಯಲಾರ. ಆಗಸ್ಟ್ 9ರಂದು ಇಡುಕ್ಕಿ ಜಲಾಶಯದ ಚೆರುತೋಣಿ ಕಟ್ಟೆಯ ಬಾಗಿಲುಗಳನ್ನು 26 ವರ್ಷಗಳ ಬಳಿಕ ತೆರೆಯಲಾಯಿತು. 15ರಂದು ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿ, 29ರ ವರೆಗೆ ಅಲ್ಲಿ ವಿಮಾನಗಳು ಏರಲೂ ಇಲ್ಲ, ಇಳಿಯಲೂ ಇಲ್ಲ. ಆಲುವಾ, ಪರವೂರು, ಚಾಲಕ್ಕುಡಿ, ಚೆಂಗನ್ನೂರುಗಳಲ್ಲಿ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಬಂದು ಜನರನ್ನು ಪಾರುಮಾಡಿದರು. ನಾನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮನುಷ್ಯರ ಜೀವವೇ ಹೋಗುತ್ತಿರುವಾಗ ಅಂಗಳದಲ್ಲಿ ಮುಳುಗಿ ನಿಂತ ಕಾರುಗಳ ಗೊಡವೆ ಯಾರಿಗಿದ್ದೀತು? ಅವುಗಳ ಕತೆ ಪ್ರಾರಂಭವಾದದ್ದು ನೀರು ಇಳಿದ ಮೇಲೆ.

ಆಗ ನಾನು ತಿರುವನಂತಪುರದ ಶಾಖೆಯೊಂದರಲ್ಲಿದ್ದೆ. ಸಾಗರದ ಮನೆಗೆ ಬೀಗ ಹಾಕಿ ತಾಯಿಯವರು ನಮ್ಮೊಡನೆ ಇರಲು ಬಂದಿದ್ದರು. ಅವರಿಗೆ ಬಹುಕಾಲದ ಉಬ್ಬಸ. ಮಧ್ಯರಾತ್ರಿ ಏದುಸಿರು ಹತ್ತಿದಾಗ ಸ್ಕೂಟರಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಹೊಸ ಕಾರು ಕೊಳ್ಳೋಣವೆಂದರೆ ಮಗಳ ಇಂಜಿನಿಯರಿಂಗ್ ಶುಲ್ಕ ಎದುರಿಗೆ ನಿಂತಿತ್ತು. ಹೀಗಿರುವಾಗ 2019ರ ಫೆಬ್ರವರಿಯಲ್ಲಿ ಎರ್ನಾಕುಳಂ ಶಾಖೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ಇಡಪ್ಪಳ್ಳಿಯ ಸಮೀಪ ಬೈಪಾಸ್ ರಸ್ತೆಯ ಹಳೆಯ ಕಾರುಗಳ ಅಂಗಳದಲ್ಲಿ ಒಳ್ಳೆಯ ಪೆಟ್ರೋಲ್ ಕಾರೊಂದು ಬಂದಿದೆಯೆಂದೂ, ನಾಲ್ಕು ವರ್ಷದ್ದೆಂದೂ, ಒಬ್ಬರೇ ಮಾಲಿಕರೆಂದೂ ತಿಳಿಸಿದರು. ಅಂಥ ಕಾರಿಗೆ ಆಗ ಸುಮಾರು 4,50,000 ರೂಪಾಯಿ ನಡೆಯುತ್ತಿತ್ತು. ಇದಕ್ಕೆ ಕೇಳಿದ್ದು 2,80,000. ಲೆಕ್ಕದವನ ಮನಸ್ಸು ಕೂಡಲೇ 1,70,000 ರೂಪಾಯಿಯನ್ನು ಉಳಿತಾಯದ ಕಲಮಿಗೆ ಬರೆದುಕೊಂಡುಬಿಟ್ಟಿತು!

ಬೆಳಗಿನ ಜನಶತಾಬ್ದಿ ಹಿಡಿದು ಎರ್ನಾಕುಳಕ್ಕೆ ಹೋದೆ. ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೆ ಮಲ್ಲಿಗೆಯ ಪರಿಮಳ. ಪ್ರವಾಹದಲ್ಲಿ ನಿಂತದ್ದೇನೋ ಎಂದು ನಾನು ಅನುಮಾನಿಸಿದ್ದಕ್ಕೆ ದಲ್ಲಾಳಿಯು ನಕ್ಕು, "ನಂಬರ್ ನೋಡಿ ಸಾರ್, ಕೆ.ಎಲ್. 01. ತಿರುವನಂತಪುರದ ಗಾಡಿ. ಅಲ್ಲಿ ಎಲ್ಲಿ ಬಂದಿತ್ತು ವೆಳ್ಳಪ್ಪೊಕ್ಕಂ?" ಎಂದ. ಮಾತು ತರ್ಕಬದ್ಧವಾಗಿತ್ತು. 41 ಆಲುವಾದ್ದು, 42 ಪರವೂರಿನದು, 64 ಚಾಲಕ್ಕುಡಿಯದು, 30 ಚೆಂಗನ್ನೂರಿನದು. ಆ ನಂಬರುಗಳನ್ನು ಕಂಡರೆ ಕೊಳ್ಳುವವರು ಆ ದಿನಗಳಲ್ಲಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ರಾಜಧಾನಿಯ ನಂಬರಿಗೆ ಅಂಥ ಕಳಂಕವಿರಲಿಲ್ಲ. ನಾನು ಮುಂಗಡ ಹಣದ ಚೆಕ್ಕನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ.

ನನ್ನ ಪುಣ್ಯಕ್ಕೆ ಸಹೋದ್ಯೋಗಿಯು ತಮ್ಮ ಪರಿಚಯದ ವೃದ್ಧ ಮೆಕ್ಯಾನಿಕ್ ಒಬ್ಬರನ್ನು ಕರೆತಂದಿದ್ದರು. ಎಲ್ಲರೂ ಅವರನ್ನು 'ಆಶಾನ್' ಎಂದೇ ಕರೆಯುತ್ತಿದ್ದರು, ಎಂದರೆ ಗುರುಗಳು. ಆಶಾನ್ ಇಂಜಿನ್ನಿನ ಕಡೆ ನೋಡಲೇ ಇಲ್ಲ. ಮೊದಲು ಹಿಂದಿನ ಸೀಟಿನ ಬೆಲ್ಟನ್ನು ಕೊನೆಯ ತನಕ ಎಳೆದರು. ಅದರ ಕೊನೆಯ ಗೇಣಿನಲ್ಲಿ ಚಹಾದ ಕಲೆಯಂತೆ ಒಂದು ಗೆರೆ ಇತ್ತು. ಡಿಕ್ಕಿಯನ್ನು ತೆರೆದು, ಸ್ಟೆಪ್ನಿಯನ್ನು ಎತ್ತಿ, ಅದರ ಗುಳಿಯ ಮೂಲೆಗೆ ಬಿಳಿಯ ಬಟ್ಟೆಯ ತುದಿಯನ್ನು ತೂರಿಸಿ ತೆಗೆದರು. ಬಟ್ಟೆಗೆ ನುಣ್ಣನೆಯ ಬೂದುಬಣ್ಣದ ಕೆಸರು ಮೆತ್ತಿಕೊಂಡಿತ್ತು. ಸೀಟಿನ ಅಡಿಯ ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ದೀಪದ ಗಾಜಿನ ಒಳಗಡೆ ಮಂಜು ಕಟ್ಟಿತ್ತು. ಫ್ಯೂಸ್ ಪೆಟ್ಟಿಗೆಯ ತಾಮ್ರ ಹಸುರು ಬಣ್ಣಕ್ಕೆ ತಿರುಗಿತ್ತು. ಆಶಾನ್ ಬಟ್ಟೆಯನ್ನು ನನ್ನ ಕೈಗಿತ್ತು, "ಸಾರ್, ಇದು ಪೆರಿಯಾರಿನ ಮಣ್ಣು. ಕಾರಿನ ನಂಬರಿಗೆ ಗೊತ್ತಿಲ್ಲದೆ ಇರಬಹುದು, ಕಾರಿಗೆ ಗೊತ್ತಿದೆ" ಎಂದರು.

ಹಳೆಯ ವಿಮಾ ಪಾಲಿಸಿಗಳನ್ನು ಕೇಳಿದೆ. ದಲ್ಲಾಳಿಯು ಹೊಸದಾಗಿ ಮಾಡಿಸಿದ, ಮೂರನೆಯವರ ಹಾನಿಗೆ ಮಾತ್ರ ಅನ್ವಯಿಸುವ ಪಾಲಿಸಿಯೊಂದನ್ನು ತೋರಿಸಿದ. "ಈ ವಾಹನವು ನೀರಿನಲ್ಲಿ ಮುಳುಗಿಲ್ಲ, ಇದಕ್ಕೆ ಪೂರ್ಣ ನಷ್ಟದ ಪರಿಹಾರ ಸಂದಿಲ್ಲ" ಎಂದು ಕರಾರು ಪತ್ರದಲ್ಲಿ ಒಂದು ಸಾಲು ಬರೆದುಕೊಡು ಎಂದೆ. "ಸಾರ್, ನೀವು ಕಾರು ಕೊಳ್ಳಲು ಬಂದಿರೋ, ಸಾಲದ ಅರ್ಜಿ ಪರಿಶೀಲಿಸಲು ಬಂದಿರೋ?" ಎಂದು ಆತ ಮುಖ ಗಂಟಿಕ್ಕಿಕೊಂಡ. ಆರ್.ಸಿ. ಪುಸ್ತಕದ ಪ್ರತಿಯೊಂದನ್ನು ಪಡೆದುಕೊಂಡು, ಚೆಕ್ಕನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಹಿಂದಿರುಗಿದೆ.

'ಪೂರ್ಣ ನಷ್ಟ' ಎಂದರೇನು?

ಇಲ್ಲಿ ವಿಮಾ ಕಂಪೆನಿಗಳ ಲೆಕ್ಕವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಪ್ರತಿಯೊಂದು ಪಾಲಿಸಿಯಲ್ಲಿ ಕಾರಿನ ಘೋಷಿತ ಮೌಲ್ಯವೆಂಬುದೊಂದು ಇರುತ್ತದೆ. ಹೊಸ ಕಾರಿನ ಬೆಲೆಯಿಂದ ಸವಕಳಿಯನ್ನು ಕಳೆದು ಇದನ್ನು ನಿರ್ಧರಿಸುತ್ತಾರೆ: ಮೊದಲ ಆರು ತಿಂಗಳಿಗೆ ಶೇಕಡ 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಹೀಗೆ ಏರುತ್ತ ಐದನೆಯ ವರ್ಷಕ್ಕೆ ಶೇಕಡ 50. ಐದು ವರ್ಷ ದಾಟಿದ ಮೇಲೆ ಕಂಪೆನಿಯೂ ಮಾಲಿಕನೂ ಒಪ್ಪಿದ ಮೊತ್ತ. ರಿಪೇರಿಯ ಖರ್ಚು ಈ ಮೌಲ್ಯದ ಶೇಕಡ 75ನ್ನು ಮೀರಿತೆಂದು ಸರ್ವೇಯರ್ ಕಂಡುಕೊಂಡರೆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುವುದು 2002ರ ಮೋಟಾರು ದರಪಟ್ಟಿಯ ಕಾಲದಿಂದ ನಡೆದು ಬಂದ ಕ್ರಮ. ಕಂಪೆನಿಯು ಮೌಲ್ಯವನ್ನು ತೆರುತ್ತದೆ. ಕಾರಿನ ಅವಶೇಷ ಹರಾಜಿಗೆ ಹೋಗುತ್ತದೆ, ಅಥವಾ ಅದರ ಬೆಲೆಯನ್ನು ಮುರಿದುಕೊಂಡು ಮಾಲಿಕನ ಬಳಿಯೇ ಉಳಿಯುತ್ತದೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. 'ಪೂರ್ಣ ನಷ್ಟ' ಎಂಬುದು ಲೆಕ್ಕಿಗನ ತೀರ್ಪು. ಅದನ್ನು ವೈದ್ಯನ ಮರಣಪತ್ರವೆಂದು ತಿಳಿಯಬಾರದು. ಒಂಬತ್ತು ವರ್ಷದ ಹಳೆಯ ಕಾರೊಂದರ ಮೌಲ್ಯ 1,20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡು ಬಾಗಿಲು, ಬಂಪರು, ದೀಪಗಳು ಒಡೆದು ರಿಪೇರಿಗೆ 95,000 ಆದರೆ ಅದು 90,000ದ ಗಡಿಯನ್ನು ದಾಟಿ ಪೂರ್ಣ ನಷ್ಟವಾಯಿತು. ಆದರೆ ಆ ಕಾರಿನ ಎಲುಬುಗೂಡು ಗಟ್ಟಿಯಾಗಿಯೇ ಇದ್ದೀತು. ಇನ್ನೊಂದು ಕಡೆ, 8,00,000 ಮೌಲ್ಯದ ಹೊಸ ಕಾರಿಗೆ 5,50,000 ಖರ್ಚಾದರೂ ಅದು ಶೇಕಡ 69ರೊಳಗೇ ಇರುವುದರಿಂದ ಪೂರ್ಣ ನಷ್ಟವಲ್ಲ. ಆದರೆ ಅದರ ಚೌಕಟ್ಟು ಸೊಟ್ಟಗಾಗಿರಲೂಬಹುದು. ಆದ್ದರಿಂದ ಹೆಸರನ್ನು ಕೇಳಿ ಬೆದರುವುದೂ ಬೇಡ, ಹೆಸರಿಲ್ಲವೆಂದು ಮೈಮರೆಯುವುದೂ ಬೇಡ. ಏನು ಹಾನಿಯಾಗಿತ್ತು, ಎಷ್ಟರ ಮಟ್ಟಿಗೆ, ಹೇಗೆ ಸರಿಪಡಿಸಿದರು ಎಂಬ ಚರಿತ್ರೆ ತಿಳಿಯಬೇಕು.

ಆ ಚರಿತ್ರೆಯು ನಮ್ಮಲ್ಲಿ ಕೈಗೆ ಸಿಗದಿರುವುದೇ ತೊಂದರೆ. ಅಮೆರಿಕದ ರಾಜ್ಯಗಳಲ್ಲಿ ಇಂಥ ಕಾರಿನ ಮಾಲಿಕತ್ವ ಪತ್ರದ ಮೇಲೆಯೇ 'ಸಾಲ್ವೇಜ್' ಎಂದು ಮುದ್ರೆ ಒತ್ತುವ ಪದ್ಧತಿಯುಂಟು. ಅಲ್ಲಿಯೂ ವಂಚನೆ ಇಲ್ಲವೆಂದಲ್ಲ. 2005ರ ಕತ್ರೀನಾ ಚಂಡಮಾರುತದಲ್ಲಿ ಮುಳುಗಿದ ಕಾರುಗಳು ದೂರದ ರಾಜ್ಯಗಳಲ್ಲಿ ಮುದ್ರೆ ಅಳಿಸಿಕೊಂಡು ಮಾರಾಟವಾದುವು. ನಮ್ಮ ಆರ್.ಸಿ. ಪುಸ್ತಕದಲ್ಲಂತೂ ಅಂಥ ಅಂಕಣವೇ ಇಲ್ಲ. ಬ್ಯಾಂಕಿನ ಸಾಲವಿದ್ದರೆ ಅದರ ನಮೂದುಂಟು, ಎಷ್ಟನೆಯ ಮಾಲಿಕನೆಂಬುದುಂಟು, ಬಣ್ಣವೂ ಉಂಟು. ಒಂದು ವಿಮಾ ಕಂಪೆನಿಯು ಈ ಕಾರನ್ನು ಕೈಬಿಟ್ಟಿತ್ತೆಂಬ ಒಂದೇ ಒಂದು ಮಾತು ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮು, ವಾಹನವು ನಾಶವಾದರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ 14 ದಿನಗಳೊಳಗೆ ಅಥವಾ ಆದಷ್ಟು ಬೇಗ ವರದಿಮಾಡಬೇಕೆಂದು ಮಾಲಿಕನಿಗೆ ವಿಧಿಸುತ್ತದೆ. ಆದರೆ ರಿಪೇರಿಯಾಗಬಹುದಾದ ಕಾರು 'ನಾಶ'ವಾಗಿಲ್ಲವಷ್ಟೆ! ಈ ಸಂದಿಯಲ್ಲಿಯೇ ನುಸುಳಿ ಅದು ಅದೇ ನಂಬರು, ಅದೇ ಪುಸ್ತಕದೊಡನೆ ಮತ್ತೆ ರಸ್ತೆಗೆ ಬರುತ್ತದೆ. ಮತ್ತೂ ಕೆಟ್ಟ ದಂಧೆಯೊಂದುಂಟು: ಸತ್ತ ಕಾರಿನ ಕಾಗದಗಳಿಗಾಗಿಯೇ ಅದನ್ನು ಕೊಂಡು, ಕದ್ದ ಕಾರಿಗೆ ಅದರ ಚಾಸಿಸ್ ನಂಬರನ್ನು ಕೆತ್ತುವುದು. ನಾವು ಬ್ಯಾಂಕಿನವರು ವಾಹನ ಸಾಲದ ಕಾಗದಪತ್ರಗಳಲ್ಲಿ ಆ ನಂಬರಿನ ಪೆನ್ಸಿಲ್ ಅಚ್ಚನ್ನು ಕೇಳುವುದು ವಿನಾಕಾರಣವಲ್ಲ.

ಮೇಷ್ಟರ ಮನೆಯಲ್ಲಿ

ಆರ್.ಸಿ. ಪುಸ್ತಕದಲ್ಲಿದ್ದ ವಿಳಾಸ ನಮ್ಮ ಮನೆಯಿಂದ ಎರಡು ಮೈಲು ಕೂಡ ಇರಲಿಲ್ಲ. ಮರುದಿನ ಸಂಜೆ ಹುಡುಕಿಕೊಂಡು ಹೋದೆ. ನಿವೃತ್ತ ಶಾಲಾ ಶಿಕ್ಷಕರು; ನನ್ನನ್ನು ಕೂರಿಸಿ, ಕಟ್ಟನ್ ಚಹಾ ಕೊಟ್ಟು, ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ಓಣಂ ಹಬ್ಬಕ್ಕೆ ಮುಂಚಿತವಾಗಿಯೇ ಅವರು ಆಲುವಾದ ಮಗಳ ಮನೆಗೆ ಕಾರಿನಲ್ಲಿ ಹೋಗಿದ್ದರು. ಪೆರಿಯಾರು ಏರಿದ ರಾತ್ರಿ ಮನೆಯವರೆಲ್ಲ ಮಹಡಿಗೆ ಹತ್ತಿದರು. ಕಾರು ತಲೆಯ ಮಟ್ಟದವರೆಗೆ ಮುಳುಗಿ ಎರಡು ದಿನ ನಿಂತಿತು. ಅವರನ್ನು ದೋಣಿಯಲ್ಲಿ ಕರೆದೊಯ್ದರು. ಸರ್ವೇಯರ್ ಬಂದು ಪೂರ್ಣ ನಷ್ಟವೆಂದು ಬರೆದರು. ಹಣ ಬಂದಿತು, ಯಾರೋ ಬಂದು ಕಾರನ್ನು ಎಳೆದುಕೊಂಡು ಹೋದರು, ಅವರು ಚಾಚಿದ ಖಾಲಿ ಫಾರಂಗಳಿಗೆ ಇವರು ಸಹಿ ಹಾಕಿದರು.

"ನನ್ನ ಪಾಲಿಗೆ ಅದು ಸತ್ತುಹೋದ ಕಾರು. ಗುಜರಿಗೆ ಹೋಯಿತೆಂದುಕೊಂಡಿದ್ದೆ. ಇದುವರೆಗೆ ಯಾರೂ ಬಂದು ನನ್ನನ್ನು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ" ಎಂದರು ಮೇಷ್ಟರು.

ಆ ಕಾರು ಇನ್ನೂ ಅವರ ಹೆಸರಿನಲ್ಲಿಯೇ ಇದೆಯೆಂದು ಪ್ರತಿಯನ್ನು ತೋರಿಸಿದಾಗ ಅವರ ಮುಖ ಬಾಡಿತು. ಅದಕ್ಕೆ ಕಾರಣವಿತ್ತು. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲಿಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಕೈಗಳು ಎಷ್ಟೇ ಬದಲಾದರೂ ಹೊಣೆ ಮೊದಲನೆಯವನ ಕೊರಳಲ್ಲಿಯೇ ನೇತಾಡುತ್ತದೆ. ಮಾರಿದವನು ರಾಜ್ಯದೊಳಗಾದರೆ 14 ದಿನಗಳಲ್ಲಿ ವರ್ಗಾವಣೆಯನ್ನು ವರದಿಮಾಡಬೇಕೆಂದು ಕಾಯಿದೆಯ 50ನೆಯ ಕಲಮು ಹೇಳುವುದು ಇದಕ್ಕಾಗಿಯೇ. ಮರುದಿನವೇ ನಾವಿಬ್ಬರೂ ಸಾರಿಗೆ ಕಚೇರಿಗೆ ಹೋಗಿ ಲಿಖಿತ ಮನವಿ ಕೊಟ್ಟು ಬಂದೆವು.

ಕೆಲವು ತಿಂಗಳ ಬಳಿಕ ಮೇಷ್ಟರು ಫೋನ್ ಮಾಡಿ, ಕಾರು ತಮ್ಮ ಹೆಸರಿನಿಂದ ಬಿಟ್ಟುಹೋಯಿತೆಂದು ಸಂತೋಷದಿಂದ ತಿಳಿಸಿದರು. ನಿರಾಕ್ಷೇಪಣಾ ಪತ್ರ ಹೋದದ್ದು ಕರ್ನಾಟಕಕ್ಕೆ. ಅವರಿಗೆ ಮನಸ್ಸು ಹಗುರಾಯಿತು, ನನಗೆ ಭಾರವಾಯಿತು. ನಾನು ಬೇಡವೆಂದು ಬಿಟ್ಟ ಕಾರಿನಲ್ಲಿ ನಮ್ಮೂರ ಕಡೆಯ ಯಾರೋ ಒಬ್ಬ ಮಗ ತನ್ನ ತಾಯಿಯನ್ನು ಕೂರಿಸಿಕೊಂಡು ಹೋಗುತ್ತಿರಬೇಕು. ಅಲ್ಲಿಯವರಿಗೆ ಕೆ.ಎಲ್. 01 ಎಂದರೇನು, ಪೆರಿಯಾರಿನ ಮಣ್ಣೆಂದರೇನು?

ಮೈಗೆ ಬರುವ ಕೇಡು

ಅಗ್ಗವಾಗಿ ಸಿಕ್ಕಿತಲ್ಲ, ಕೆಟ್ಟರೆ ರಿಪೇರಿ ಮಾಡಿಸೋಣವೆಂದು ಹಲವರು ವಾದಿಸುತ್ತಾರೆ. ಕೆಡುವುದು ಇಂಜಿನ್ ಮಾತ್ರವಾಗಿದ್ದರೆ ಈ ವಾದವನ್ನು ಒಪ್ಪಬಹುದಿತ್ತು. ಈಗಿನ ಕಾರಿನಲ್ಲಿ ತಂತಿಗಳು ನರಗಳಂತೆ ಮೈಯೆಲ್ಲ ಹರಡಿಕೊಂಡಿವೆ. ಏರ್‌ಬ್ಯಾಗನ್ನು ಯಾವಾಗ ಉಬ್ಬಿಸಬೇಕೆಂದು ತೀರ್ಮಾನಿಸುವ ಪುಟ್ಟ ಪೆಟ್ಟಿಗೆಯು ಸಾಮಾನ್ಯವಾಗಿ ಎರಡು ಸೀಟುಗಳ ನಡುವೆ, ನೆಲಕ್ಕೆ ಸಮೀಪದಲ್ಲಿಯೇ ಇರುತ್ತದೆ. ನೀರು ನುಗ್ಗಿದರೆ ಬೇಗನೆ ಮುಳುಗುವ ಭಾಗಗಳಲ್ಲಿ ಅದೂ ಒಂದು. ಬ್ರೇಕಿನ ಹಿಡಿತವನ್ನು ಕಾಯುವ ಯಂತ್ರಾಂಗಕ್ಕೂ ತಂತಿಯ ಕೀಲುಗಳುಂಟು. ಕೆಸರುನೀರು, ಅದರಲ್ಲಿಯೂ ಹಿನ್ನೀರಿನ ಉಪ್ಪುನೀರು, ಈ ಕೀಲುಗಳಲ್ಲಿ ನಿಂತರೆ ತುಕ್ಕು ಒಳಗೊಳಗೇ ಬೆಳೆಯುತ್ತದೆ. ಆರು ತಿಂಗಳು, ವರ್ಷ ಏನೂ ತೋರದೆ, ಅಪಘಾತದ ಕ್ಷಣದಲ್ಲಿ ಏರ್‌ಬ್ಯಾಗ್ ತೆರೆಯದೆ ಇರಬಹುದು. ಕಾರನ್ನು ಚಾಲೂ ಮಾಡಿದಾಗ ಏರ್‌ಬ್ಯಾಗಿನ ದೀಪ ಕೆಲವು ಕ್ಷಣ ಹೊತ್ತಿ ಆರಬೇಕು. ಅದು ಹೊತ್ತಿಕೊಂಡೇ ಇದ್ದರೆ ದೋಷವಿದೆ. ಎಂದೂ ಹೊತ್ತದೆ ಇದ್ದರೆ ದೋಷವನ್ನು ಮುಚ್ಚಿಡಲು ಯಾರೋ ದೀಪವನ್ನೇ ಕಿತ್ತಿರುವ ಸಂಭವವಿದೆ.

ಎರಡನೆಯದು ಬೂಸಲು. ನೆಲದ ಹಾಸು, ಸೀಟಿನ ಸ್ಪಂಜು, ಹವಾನಿಯಂತ್ರಣದ ಕೊಳವೆ, ಇವು ಒಮ್ಮೆ ಕೊಳಕು ನೀರನ್ನು ಹೀರಿದರೆ ಪೂರ್ತಿ ಒಣಗುವುದು ಕಷ್ಟ. ಕೇರಳದ ತೇವದ ಹವೆಯಲ್ಲಿ ಅಲ್ಲಿ ಬೂಸಲು ಬೆಳೆಯುತ್ತದೆ. ತೇವ ಮತ್ತು ಬೂಸಲುಳ್ಳ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆಗಳೂ ಉಬ್ಬಸದ ಉಲ್ಬಣವೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮನೆಗೆ ಹೇಳಿದ ಮಾತು, ಕಿಟಕಿ ಮುಚ್ಚಿ ಗಾಳಿಯನ್ನು ಸುತ್ತಿಸುತ್ತಿರುವ ಪುಟ್ಟ ಕಾರಿಗೆ ಅನ್ವಯಿಸದೆ ಹೋದೀತೇ? ಉಬ್ಬಸದ ತಾಯಿಯನ್ನು ಆಸ್ಪತ್ರೆಗೆ ಒಯ್ಯಲೆಂದೇ ಕೊಂಡ ಕಾರು ಅವರ ಉಬ್ಬಸವನ್ನು ಕೆರಳಿಸುವಂತಾದರೆ ಅದಕ್ಕಿಂತ ವಿಪರ್ಯಾಸ ಬೇರೆ ಬೇಕೇ? ಒಳಗಿನ ಮಲ್ಲಿಗೆಯ ಪರಿಮಳ ಯಾವ ವಾಸನೆಯನ್ನು ಮುಚ್ಚಲು ಎಂಬುದು ನನಗೆ ಆಮೇಲೆ ಹೊಳೆಯಿತು.

ಕುದುರೆಯ ದೃಷ್ಟಾಂತ

ಬಿ.ಕಾಂ. ತರಗತಿಯಲ್ಲಿ ನಮಗೆ ವಾಣಿಜ್ಯ ಕಾನೂನನ್ನು ಬೋಧಿಸಿದ ಅಧ್ಯಾಪಕರು 1872ರ ಕರಾರು ಕಾಯಿದೆಯ 17ನೆಯ ಕಲಮಿಗೆ ಬಂದಾಗ ಒಂದು ಕುದುರೆಯ ಕತೆ ಹೇಳುತ್ತಿದ್ದರು. ಅದು ಕಾಯಿದೆಯಲ್ಲಿಯೇ ಇರುವ ದೃಷ್ಟಾಂತ. ಒಬ್ಬನು ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ಅದು ರೋಗಿಷ್ಠವೆಂದು ಅವನಿಗೆ ಗೊತ್ತು, ಆದರೂ ಸುಮ್ಮನಿರುತ್ತಾನೆ. ಇದು ವಂಚನೆಯೇ? ಅಲ್ಲವೆನ್ನುತ್ತದೆ ಕಾಯಿದೆ! ಆದರೆ ಕೊಳ್ಳುವವನು, "ನೀನು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ" ಎಂದು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮಾನ. 'ಮಾತು ಬೆಳ್ಳಿ, ಮೌನ ಬಂಗಾರ' ಎಂಬ ಗಾದೆಯನ್ನು ಹಳೆಯ ಕಾರಿನ ವ್ಯಾಪಾರಿಗಳು ಚೆನ್ನಾಗಿ ಅರಿತಿದ್ದಾರೆ. ನಾವು ಕೇಳದೆ ಇರುವವರೆಗೆ ಅವರ ಮೌನ ಬಂಗಾರವೇ. ಕೇಳಿದ ಕೂಡಲೇ ಅದು ಸಾಕ್ಷಿಯಾಗುತ್ತದೆ.

ಆದ್ದರಿಂದ ನನ್ನ ಮೊದಲ ಸಲಹೆ: ಕೇಳಿ, ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಬರವಣಿಗೆಯಲ್ಲಿ ಕೇಳಿ. ನನಗೆ ನಿರಾಕರಿಸಲಾದ ಆ ಒಂದು ಸಾಲನ್ನು ಪ್ರತಿಯೊಬ್ಬರೂ ಕರಾರು ಪತ್ರದಲ್ಲಿ ಕೇಳಬೇಕು. ಬರೆದುಕೊಡಲು ಹಿಂಜರಿದರೆ ಉತ್ತರ ಸಿಕ್ಕಿದಂತೆಯೇ.

ಎರಡನೆಯದು, ಹಿಂದಿನ ಎರಡು ಮೂರು ವರ್ಷಗಳ ವಿಮಾ ಪಾಲಿಸಿಗಳನ್ನು ನೋಡಿ. ಪರಿಹಾರ ಕೇಳದ ಮಾಲಿಕನಿಗೆ ಸಿಗುವ ರಿಯಾಯಿತಿಯು ಶೇಕಡ 20ರಿಂದ ಪ್ರಾರಂಭವಾಗಿ 25, 35, 45, 50ರ ತನಕ ಏರುತ್ತದೆ. ಒಬ್ಬನೇ ಮಾಲಿಕನಿದ್ದು, ಒಂದು ವರ್ಷ ಶೇಕಡ 35 ಇದ್ದ ರಿಯಾಯಿತಿ ಮರುವರ್ಷ ಸೊನ್ನೆಗೆ ಇಳಿದಿದ್ದರೆ ನಡುವೆ ಪರಿಹಾರ ಸಂದಿರಬೇಕು, ಇಲ್ಲವೇ ಪಾಲಿಸಿ ಬಹುಕಾಲ ತಪ್ಪಿಹೋಗಿರಬೇಕು. ಏಕೆಂದು ಕೇಳಿ. ರಿಯಾಯಿತಿಯು ಮಾಲಿಕನಿಗೆ ಸೇರಿದ್ದೇ ಹೊರತು ಕಾರಿಗಲ್ಲವಾದ್ದರಿಂದ, ಮಾಲಿಕ ಬದಲಾದ ವರ್ಷ ಸೊನ್ನೆಯಾಗುವುದು ಸಹಜ.

ಮೂರನೆಯದು, ನಿಮ್ಮದೇ ಮೆಕ್ಯಾನಿಕ್ಕನ್ನು ಕರೆದೊಯ್ಯಿರಿ; ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಅವರಿಗೆ ಕೊಡುವ ಸಾವಿರ ರೂಪಾಯಿಯನ್ನು ಖರ್ಚೆಂದು ಬರೆಯಬೇಡಿ, ವಿಮೆಯ ಕಂತೆಂದು ಬರೆಯಿರಿ. ನಾಲ್ಕನೆಯದು, ಆರ್.ಸಿ.ಯಲ್ಲಿರುವ ಮಾಲಿಕನನ್ನು ಸ್ವತಃ ಕಾಣಿರಿ. ದಲ್ಲಾಳಿಯ ಮೌನದ ಹಿಂದೆ ಎಷ್ಟೋ ಸಲ ಸತ್ಯ ಹೇಳಲು ಸಿದ್ಧನಾದ ಮಾಲಿಕನೊಬ್ಬನು ಇರುತ್ತಾನೆ. ಐದನೆಯದು, 2022ರ ಡಿಸೆಂಬರಿನಲ್ಲಿ ಹೊರಟು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆದಿರಬೇಕು. ಅದನ್ನು ತೋರಿಸಲು ಹೇಳಿ. ರಸೀದಿಯಿಲ್ಲದ ವ್ಯಾಪಾರಕ್ಕೆ ಇಳಿಯಬೇಡಿ. ಬಳಕೆದಾರರ ಆಯೋಗದ ಮುಂದೆ ಹೋಗಬೇಕಾಗಿ ಬಂದಾಗ ರಸೀದಿಯೇ ನಾಲಗೆ.

ನನ್ನ ಅಭಿಪ್ರಾಯ

ಹಾಗಾದರೆ ಪೂರ್ಣ ನಷ್ಟದ ಕಾರನ್ನು ಎಂದೂ ಕೊಳ್ಳಲೇಬಾರದೇ? ಅಷ್ಟು ಕಠಿಣನಾಗಲು ನನಗೆ ಮನಸ್ಸಿಲ್ಲ. ಹೊಸ ಕಾರಿಗೆ ಶಕ್ತಿಯಿಲ್ಲದವರು ನಮ್ಮಲ್ಲಿ ಬಹಳ ಮಂದಿ. ಹೋಟೆಲಿನಲ್ಲಿ ದುಡಿಯುವವರು, ಸಣ್ಣ ಅಂಗಡಿ ಇಟ್ಟವರು, ಪೌರೋಹಿತ್ಯದಿಂದ ಬದುಕುವವರು, ಇವರಿಗೆ ಹಳೆಯ ಕಾರೇ ಗತಿ. ಹಾನಿಯು ಮೈತಗಡಿನಷ್ಟಕ್ಕೇ ಸೀಮಿತವಾಗಿದ್ದು, ರಿಪೇರಿಯ ಬಿಲ್ಲುಗಳಿದ್ದು, ಮಾಲಿಕನು ಮುಕ್ತವಾಗಿ ಹೇಳಿ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸಿದ್ದರೆ ಅದು ನ್ಯಾಯವಾದ ವ್ಯವಹಾರ. 'ಕಾಸಿಗೆ ತಕ್ಕ ಕಜ್ಜಾಯ' ಎಂದುಕೊಂಡು ಕೊಳ್ಳಬಹುದು. ಮುಂದೆ ಮಾರುವಾಗ ತಾನೂ ಕಡಮೆ ಬೆಲೆಗೇ ಮಾರಬೇಕಾಗುವುದೆಂಬುದನ್ನು ಲೆಕ್ಕದಲ್ಲಿ ಇಟ್ಟುಕೊಂಡರೆ ಸಾಕು. ಆದರೆ ಸೀಟಿನ ಮಟ್ಟವನ್ನು ಮೀರಿ ನೀರು ನುಗ್ಗಿದ ಕಾರನ್ನು ಮನೆಮಂದಿ ಕೂರುವುದಕ್ಕೆಂದು ಕೊಳ್ಳಬಾರದು. ಚರಿತ್ರೆಯನ್ನು ಮುಚ್ಚಿಟ್ಟ ಕಾರನ್ನು ಯಾವ ಬೆಲೆಗೂ ಕೊಳ್ಳಬಾರದು. ನಾನು ನನಗೆ ಹಾಕಿಕೊಂಡ ಪ್ರಶ್ನೆಯೊಂದನ್ನು ವಾಚಕರಿಗೂ ಒಪ್ಪಿಸುತ್ತೇನೆ: ಅಧಿಕಾರಿಯ ಕುರ್ಚಿಯಲ್ಲಿ ಕುಳಿತಾಗ ಯಾವ ಕಾರಿನ ಮೇಲೆ ಪರರಿಗೆ ಸಾಲ ಮಂಜೂರು ಮಾಡಲಾರೆನೋ, ಅದನ್ನು ಮನೆಯ ಯಜಮಾನನಾಗಿ ನಾನೇ ಹೇಗೆ ಕೊಳ್ಳಲಿ?

ಸರ್ಕಾರವು ಮಾಡಬೇಕಾದ ಕೆಲಸವೊಂದಿದೆ. ವಿಮಾ ಕಂಪೆನಿಯು ಪೂರ್ಣ ನಷ್ಟವೆಂದು ಹಣ ತೆತ್ತ ದಿನವೇ ಆ ಸಂಗತಿ ವಾಹನ ನೋಂದಣಿಯ ಕಡತದಲ್ಲಿ ದಾಖಲಾಗಿ, ಕೊಳ್ಳುವವನ ಕಣ್ಣಿಗೆ ಬೀಳಬೇಕು. ಬ್ಯಾಂಕಿನ ಸಾಲವನ್ನು ನಮೂದಿಸಲು ಒಂದು ಅಂಕಣವಿರುವಾಗ, ಜೀವಕ್ಕೆ ಸಂಬಂಧಿಸಿದ ಸಂಗತಿಗೆ ಒಂದು ಅಂಕಣ ಹೆಚ್ಚಾದೀತೇ? ನಿಜವಾಗಿ ಸತ್ತ ಕಾರುಗಳಿಗೆ 2021ರ ನಿಯಮಗಳಂತೆ ಅಧಿಕೃತ ಗುಜರಿ ಕೇಂದ್ರಗಳೂ ಈಗ ಇವೆ.

ಇದು ಕೇರಳದ ಒಂದು ವರ್ಷದ ಮಾತೂ ಅಲ್ಲ. 2015ರಲ್ಲಿ ಮದರಾಸು, 2022ರಲ್ಲಿ ಬೆಂಗಳೂರು ಮುಳುಗಿದುವು. ಪ್ರವಾಹವೇ ಕಾಣದ ಊರೆಂದು ದಲ್ಲಾಳಿ ಹೊಗಳಿದ ತಿರುವನಂತಪುರದ ತಗ್ಗು ಪ್ರದೇಶಗಳಿಗೂ 2023ರ ಅಕ್ಟೋಬರಿನಲ್ಲಿ ನೀರು ನುಗ್ಗಿತು. ಒಂದು ಊರಿನ ಮಳೆ ಇನ್ನೊಂದು ಊರಿನ ಮಾರುಕಟ್ಟೆಗೆ ಹರಿಯುತ್ತದೆ. ಹೊರನಾಡಿನಲ್ಲಿರುವ ನಾವು ವರ್ಗವಾದಾಗಲೆಲ್ಲ ಕಾರು ಮಾರುತ್ತೇವೆ, ಕೊಳ್ಳುತ್ತೇವೆ. ಸರ್ಕಾರದ ಅಂಕಣ ಬರುವ ತನಕ ನಾವೇ ಒಂದು ನಿಯಮ ಮಾಡಿಕೊಳ್ಳೋಣ: ನಮ್ಮ ಸಂಘದ ಸದಸ್ಯನು ಕಾರು ಮಾರುವಾಗ, ಕೊಳ್ಳುವವನು ಕೇಳಲಿ ಬಿಡಲಿ, ಅದರ ಚರಿತ್ರೆಯನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಲಿ.

ನನ್ನ ತಾಯಿಯವರಿಗೆ ಆಮೇಲೆ ಒಂದು ಹಳೆಯ ಕಾರನ್ನೇ ಕೊಂಡೆ. ಒಂಬತ್ತು ವರ್ಷದ್ದು, ಬಂಪರು ಬದಲಾಯಿಸಿದ್ದು. ಹಾಗೆಂದು ಮಾರಿದವರೇ ಮೊದಲು ಹೇಳಿದರು. ಹಿಂದಿನ ಪಾಲಿಸಿಗಳನ್ನೂ ಬಿಲ್ಲುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಟ್ಟರು. ಆ ಚೀಲವು ಕೊಚ್ಚಿಗೆ ವರ್ಗವಾಗಿ ಬಂದ ಮೇಲೂ ನನ್ನ ಬಳಿ ಭದ್ರವಾಗಿದೆ. ಮುಂದಿನವರಿಗೆ ಕಾರಿನೊಡನೆ ಅದನ್ನೂ ಒಪ್ಪಿಸಲಿದ್ದೇನೆ. ಕರ್ನಾಟಕಕ್ಕೆ ಹೋದ ಆ ಕೆ.ಎಲ್. 01 ಕಾರನ್ನು ಕೊಂಡವರಿಗೆ ಅಂಥ ಚೀಲವನ್ನು ಯಾರೂ ಕೊಟ್ಟಿರಲಾರರು. ಅವರು ಯಾರೆಂದು ನನಗೆ ತಿಳಿಯದು. ಅವರ ಏರ್‌ಬ್ಯಾಗಿನ ದೀಪವನ್ನು ಯಾರಾದರೂ ನೋಡಿ ಹೇಳಿರಲೆಂದು ಮಾತ್ರ ಹಾರೈಸುತ್ತೇನೆ.